ಮನೆಗೆ ನೀರು ನುಗ್ಗಿದರೆ ವಿಮೆ: ಹಣ ಸಿಗೋದು ಯಾವಾಗ, ಕೈತಪ್ಪೋದು ಎಲ್ಲಿ?

ಶಿವಮೊಗ್ಗ: 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ನಗರದ ತಗ್ಗು ಬಡಾವಣೆಗಳ ಮನೆಗಳಿಗೆ ನೀರು ನುಗ್ಗಿತ್ತು. ಅಂಥ ಮಳೆ ಮತ್ತೆ ಬಂದರೆ ಇನ್ಶೂರೆನ್ಸ್ ದುಡ್ಡು ಕೈಗೆ ಸಿಗುತ್ತಾ?

ಉತ್ತರ ನಿಂತಿರೋದು ನೀರು ಹೇಗೆ ಬಂತು ಅನ್ನೋದರ ಮೇಲೆ. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ನೆರೆ, ಬಿರುಗಾಳಿ ಮಾತ್ರವಲ್ಲ, ಟ್ಯಾಂಕ್ ಉಕ್ಕಿದರೂ ಪೈಪ್ ಒಡೆದರೂ ಪರಿಹಾರ ಉಂಟು. ವರ್ಷಗಟ್ಟಲೆ ಗೋಡೆಗೆ ಇಳಿದ ತೇವಕ್ಕೆ ಮಾತ್ರ ಇಲ್ಲ. ಜಗಳ ಹುಟ್ಟೋದು ಇಲ್ಲೇ: ಮನೆಯವರು ‘ಮಳೆ ನೀರು’ ಅಂದರೆ, ಸರ್ವೇಯರ್ ‘ಹಳೇ ಸೋರಿಕೆ’ ಅಂತ ಬರೀಬಹುದು.

ಹಾಗಾಗಿ ಕೆಸರು ತೊಳೆಯುವ ಮೊದಲೇ ಫೋಟೊ, ವಿಡಿಯೊ ತೆಗೀರಿ. ನೀರು ನಿಂತ ಗುರುತು ಕಾಣಲಿ. ಹಾಳಾದ ಸಾಮಾನನ್ನು ಸರ್ವೇಯರ್ ನೋಡೋವರೆಗೂ ಎಸೆಯಬೇಡಿ. ಕಂಪನಿಗೆ ತಕ್ಷಣ ತಿಳಿಸಿ, 30 ದಿನದೊಳಗೆ ಕ್ಲೇಮ್ ಅರ್ಜಿ ಕೊಡಿ.

ದುರ್ಗಿಗುಡಿಯಂಥ ಕಡೆ ಕೆಳಗೆ ಅಂಗಡಿ, ಮೇಲೆ ಮನೆ ಇರೋರು ಗಮನಿಸಿ: ಮನೆ ಪಾಲಿಸಿ ಅಂಗಡಿಯ ಸ್ಟಾಕ್‌ಗೆ ಅನ್ವಯಿಸಲ್ಲ. 5 ಕೋಟಿ ರೂ.ವರೆಗಿನ ವ್ಯಾಪಾರದ ಆಸ್ತಿಗೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಬೇರೆಯೇ ಇದೆ.

ಕ್ಲೇಮ್ ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲೇ ಕೇಳಿ ಪಡೆಯಿರಿ. ಮೊದಲು ಕಂಪನಿಗೇ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಅಲ್ಲಿ ಶುಲ್ಕವೂ ಇಲ್ಲ, ವಕೀಲರೂ ಬೇಕಿಲ್ಲ.