ಸಣ್ಣ ಗ್ರಂಥಾಲಯ, ವಸ್ತುಸಂಗ್ರಹಾಲಯಗಳ ಸಂಗ್ರಹ ಉಳಿಸಲು ನೆರವು ಕೋರಿ ಮನವಿ

ಇವರಿಗೆ,
ಮಾನ್ಯ ಆಯುಕ್ತರು,
ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ, ಮೈಸೂರು.

ಪ್ರತಿ: ಮಾನ್ಯ ನಿರ್ದೇಶಕರು, ಸಾರ್ವಜನಿಕ ಗ್ರಂಥಾಲಯ ಇಲಾಖೆ, ಬೆಂಗಳೂರು.

ವಿಷಯ: ಹಳೆಯ ಪುಸ್ತಕ, ತಾಳೆಗರಿ, ಕಡತಗಳ ಸಂರಕ್ಷಣೆಗೆ ಪರಿಣತರ ಭೇಟಿ ಹಾಗೂ ಸಾಮಗ್ರಿ ಒದಗಿಸುವ ಬಗ್ಗೆ.

ಮಾನ್ಯರೇ,

ಮಲೆನಾಡಿನ ಊರುಗಳಲ್ಲಿ ಸಣ್ಣ ಗ್ರಂಥಾಲಯ, ವಸ್ತುಸಂಗ್ರಹಾಲಯಗಳನ್ನು ನೋಡಿಕೊಳ್ಳುತ್ತಿರುವ ನಾವು ಒಟ್ಟು ಸೇರಿ ಈ ಮನವಿ ಸಲ್ಲಿಸುತ್ತಿದ್ದೇವೆ. ನಮ್ಮಲ್ಲಿ ನಿವೃತ್ತ ಮೇಷ್ಟರಿದ್ದಾರೆ, ಗೌರವಧನದ ಮೇಲೆ ದುಡಿಯುವ ಗ್ರಂಥಪಾಲಕರಿದ್ದಾರೆ, ಹಿರಿಯರ ಸಂಗ್ರಹವನ್ನು ಮನೆಯ ಜಗಲಿಯಲ್ಲೇ ಜೋಡಿಸಿಟ್ಟು ಬಂದವರಿಗೆ ತೋರಿಸುವವರಿದ್ದಾರೆ. ಹೊಸ ಕಟ್ಟಡ ಕೊಡಿ ಎಂದು ನಾವು ಕೇಳುತ್ತಿಲ್ಲ. ಇರುವುದನ್ನು ಕೆಡದಂತೆ ಇಡುವ ಬಗೆ ಹೇಳಿಕೊಡುವವರು ಬೇಕು, ಅದಕ್ಕೆ ತಕ್ಕ ಸಾಮಾನು ಬೇಕು.

ನಮ್ಮಲ್ಲೊಂದು ಕಡೆ ನಡೆದದ್ದನ್ನು ಇಲ್ಲಿ ಹೇಳಲೇಬೇಕು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಹಾಕಿ, ಬಳಪದಲ್ಲಿ ಬರೆದ ಹಳೆಯ ಕಡತವೊಂದಿತ್ತು. ತಮ್ಮ ಕಚೇರಿಯಲ್ಲಿ ದಿನವೂ ಬಳಕೆಯಾಗುವ ‘ಕಡತ’ ಎಂಬ ಮಾತು ಬಂದದ್ದು ಇಂಥವುಗಳಿಂದಲೇ. ಗಣ್ಯರೊಬ್ಬರು ಬರುತ್ತಾರೆಂದು ನಮ್ಮ ಸಹಾಯಕ ಹುಡುಗ ಶ್ರದ್ಧೆಯಿಂದ ಎಲ್ಲವನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿದ. ಎರಡು ಮಡಿಕೆಗಳಲ್ಲಿದ್ದ ಗದ್ದೆಯ ಲೆಕ್ಕ, ಹೆಸರುಗಳು ಬಟ್ಟೆಗೆ ಹತ್ತಿಕೊಂಡು ಹೋದವು. ಅವನದು ತಪ್ಪಲ್ಲ. ಬಳಪದ ಬರಹಕ್ಕೆ ನೀರು ತಾಗಬಾರದೆಂದು ಅವನಿಗೆ ಯಾರೂ ಹೇಳಿರಲಿಲ್ಲ, ನಾವೂ ಹೇಳಿರಲಿಲ್ಲ.

ಹಿಂದೆ ಓಲೆಯ ಕಟ್ಟುಗಳು ಅಡುಗೆಮನೆಯ ಅಟ್ಟದ ಮೇಲಿರುತ್ತಿದ್ದವು. ಸೌದೆ ಒಲೆಯ ಹೊಗೆ ತಾಗಿ ತೇವ ಆರುತ್ತಿತ್ತು, ಹುಳ ಸುಳಿಯುತ್ತಿರಲಿಲ್ಲ. ಈಗ ಅವೇ ಕಟ್ಟುಗಳು ಕಬ್ಬಿಣದ ಬೀರುವಿನಲ್ಲಿವೆ. ಆಷಾಢದಲ್ಲಿ ಬೀರುವಿನ ಬಾಗಿಲು ತೆರೆದರೆ ಒಳಮೈಯಲ್ಲಿ ನೀರಿನ ಹನಿ ಕಾಣುತ್ತದೆ, ಪುಸ್ತಕದ ರಟ್ಟಿನ ಮೇಲೆ ಬೂಷ್ಟು. ಗಾಳಿಯ ತೇವಾಂಶ ಶೇ. 65 ದಾಟಿದರೆ ಬೂಷ್ಟಿಗೆ ದಾರಿ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಅದಕ್ಕಿಂತ ಕೆಳಗಿಳಿಯುವುದೇ ಅಪರೂಪ. ಹರಿದ ಹಾಳೆಗೆ ಸೆಲ್ಲೊಟೇಪ್ ಅಂಟಿಸಿದವರೂ ನಾವೇ. ಆ ಅಂಟು ಹಳದಿಯಾಗಿ ಅಕ್ಷರಗಳನ್ನು ನುಂಗಿದ ಮೇಲೆ ತಪ್ಪು ಅರಿವಾಯಿತು.

ಸಣ್ಣ ಊರಿನ ಒಂದು ಕಟ್ಟಿನ ಬೆಲೆ ಎಷ್ಟೆಂದು ಮೈಸೂರಿನವರಿಗೆ ನಾವು ಹೇಳಬೇಕಾಗಿಲ್ಲ. ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿಗೆ ತಂದೊಪ್ಪಿಸಿದ ಓಲೆಯ ಕಟ್ಟಿನಲ್ಲೇ ವಿದ್ವಾಂಸ ಆರ್. ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿತು. 1909ರಲ್ಲಿ ಅದು ಅಚ್ಚಾಯಿತು. ಆ ಕಟ್ಟು ಅಲ್ಲಿಯವರೆಗೆ ಯಾರದೋ ಮನೆಯಲ್ಲಿ ಗೆದ್ದಲಿಗೆ ಸಿಗದೆ ಉಳಿದಿತ್ತು ಎಂಬುದನ್ನು ನಾವು ಮತ್ತೆ ಮತ್ತೆ ನೆನೆಯುತ್ತೇವೆ.

ರಾಜ್ಯದಲ್ಲಿ ಪರಿಣತರಿಲ್ಲವೆಂದಲ್ಲ. ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಶಾಖೆ ಮೈಸೂರಿನಲ್ಲೇ ಇದೆ. 1891ರಲ್ಲಿ ಆರಂಭವಾದ ಪ್ರಾಚ್ಯವಿದ್ಯಾ ಸಂಶೋಧನಾಲಯವಿದೆ, ಹಂಪಿ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗವಿದೆ. ಆದರೆ ಮುಟ್ಟಿದರೆ ಮುರಿಯುವ ಗರಿಯನ್ನು ಘಟ್ಟದ ರಸ್ತೆಯ ಬಸ್ಸಿನಲ್ಲಿ ಹೊತ್ತೊಯ್ಯಲು ನಮಗೆ ಧೈರ್ಯ ಸಾಲದು. ಆದ್ದರಿಂದ ಪರಿಣತರೇ ನಮ್ಮಲ್ಲಿಗೆ ಬರಬೇಕು. ಮಳೆಗೆ ಮೊದಲು ಏಪ್ರಿಲ್‌ನಲ್ಲಿ ಒಮ್ಮೆ, ಮಳೆ ಮುಗಿದ ಮೇಲೆ ನವೆಂಬರ್‌ನಲ್ಲಿ ಒಮ್ಮೆ ತಾಲ್ಲೂಕಿಗೊಂದು ಕಡೆ ಎರಡು ದಿನ ಉಳಿದು, ನಮ್ಮ ಕೈಯಲ್ಲೇ ಕೆಲಸ ಮಾಡಿಸಿ ಕಲಿಸಲಿ. ಕಂಟದಲ್ಲಿ ಕೊರೆದ ಗರಿಗೆ ನಿಂಬೆಹುಲ್ಲಿನ ಎಣ್ಣೆ ಸವರಬಹುದು, ಶಾಯಿಯಲ್ಲಿ ಬರೆದ ಗರಿಗೆ ಸವರಿದರೆ ಬರಹಕ್ಕೇ ಅಪಾಯ. ಇಂಥ ಸೂಕ್ಷ್ಮಗಳು ನೋಡಿ ಕಲಿಯುವಂಥವು. ಜೊತೆಗೆ ಚಿತ್ರಸಹಿತ ಕನ್ನಡ ಕೈಪಿಡಿಯೊಂದು ಬೇಕು.

ಸಾಮಗ್ರಿಯ ತೊಂದರೆ ಬೇರೆ. ತೇವಮಾಪಕ, ಆಮ್ಲರಹಿತ ಪೆಟ್ಟಿಗೆ, ಹರಿದ ಹಾಳೆಗೆ ಹಚ್ಚುವ ತೆಳು ಜಪಾನಿ ಕಾಗದ, ಮೆತ್ತನೆಯ ಕುಂಚ ಇವು ನಮ್ಮ ಪೇಟೆಯಲ್ಲಿ ಸಿಗುವುದಿಲ್ಲ. ದೂರದಿಂದ ತರಿಸಬೇಕೆಂದರೆ ಸಗಟಾಗಿ ಕೊಳ್ಳಬೇಕು. ಜಿಲ್ಲೆಗೊಂದು ದಾಸ್ತಾನು ಇರಿಸಿ, ಬೇಕಾದಷ್ಟನ್ನು ಚಿಲ್ಲರೆಯಾಗಿ ಕೊಡಿಸಬೇಕು. ಪುಸ್ತಕ ನೆನೆದರೆ ಎರಡು ದಿನದೊಳಗೆ ಬೂಷ್ಟು ಹಿಡಿಯುತ್ತದೆ. 2019ರ ಆಗಸ್ಟ್‌ನಂಥ ನೆರೆ ಬಂದಾಗ ಅದೇ ದಿನ ಯಾರಿಗೆ ಫೋನ್ ಮಾಡಬೇಕೆಂಬ ಒಂದು ಸಂಖ್ಯೆಯಾದರೂ ನಮ್ಮ ಗೋಡೆಯ ಮೇಲಿರಲಿ.

ಹಳೆಯ ಪುಸ್ತಕಗಳ ವಿಲೇವಾರಿಯ ಬಗ್ಗೆ ಗ್ರಂಥಾಲಯ ನಿರ್ದೇಶಕರಲ್ಲಿ ವಿಶೇಷ ಕೋರಿಕೆ. ಒಂದು ಗ್ರಂಥಾಲಯದಲ್ಲಿ ಸ್ವಾತಂತ್ರ್ಯಪೂರ್ವದ ಮಾಸಪತ್ರಿಕೆಗಳ ಸಂಪುಟಗಳು ಕಿಲೋ ಲೆಕ್ಕದಲ್ಲಿ ರದ್ದಿಗೆ ಹೋದವು. ನಮ್ಮವರೊಬ್ಬರು ಗುಜರಿ ಅಂಗಡಿಗೆ ಓಡುವಷ್ಟರಲ್ಲಿ ಅರ್ಧ ಪೊಟ್ಟಣವಾಗಿದ್ದವು. 1950ಕ್ಕಿಂತ ಹಿಂದಿನ ಯಾವ ಕನ್ನಡ ಮುದ್ರಣವನ್ನೂ ಬಲ್ಲವರು ನೋಡದೆ ಹೊರಹಾಕಬಾರದೆಂದು ಸುತ್ತೋಲೆ ಹೊರಡಿಸಬೇಕು.

ಹಣಕ್ಕೆ ದಾರಿಗಳಿವೆ. 1965ರ ಗ್ರಂಥಾಲಯ ಅಧಿನಿಯಮದಂತೆ ಆಸ್ತಿ ತೆರಿಗೆಯ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರ ಸಂಗ್ರಹವಾಗುತ್ತದೆ. ಅದರಲ್ಲೊಂದು ಸಣ್ಣ ಪಾಲನ್ನು ಶಾಖಾ ಗ್ರಂಥಾಲಯಗಳ ಹಳೆಯ ಪುಸ್ತಕಗಳ ಆರೈಕೆಗೆ ಮೀಸಲಿಡಬಹುದು. 2025-26ರ ಕೇಂದ್ರ ಬಜೆಟ್‌ನಲ್ಲಿ ಘೋಷಣೆಯಾದ ಜ್ಞಾನ ಭಾರತಂ ಯೋಜನೆಯಡಿ ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ, ದಾಖಲೀಕರಣ, ಸಂರಕ್ಷಣೆಯ ಗುರಿಯಿದೆ. ನಮ್ಮಂಥವರ ಸಂಗ್ರಹಗಳನ್ನೂ ಅದರೊಳಗೆ ಸೇರಿಸಲು ಇಲಾಖೆಯೇ ಮುಂದಾಗಬೇಕು. ಸ್ಕ್ಯಾನ್ ಮಾಡಲು ಬರುವವರು ಮೂಲಪ್ರತಿಯನ್ನು ಹಿಂದಿರುಗಿಸುವಾಗ ದಾರ ಕಟ್ಟಿ, ಹಲಗೆಯಿಟ್ಟು, ಬಟ್ಟೆ ಸುತ್ತಿಯೇ ಕೊಡಬೇಕೆಂಬ ಷರತ್ತೂ ಅದರಲ್ಲಿರಲಿ.

ಮೊದಲ ಭೇಟಿಯನ್ನು ಬರುವ ಮುಂಗಾರಿಗೆ ಮುಂಚೆಯೇ ಏರ್ಪಡಿಸಬೇಕಾಗಿ ಕೋರುತ್ತೇವೆ. ಜಾಗ, ಊಟ, ವಸತಿಯ ಹೊಣೆ ನಮ್ಮದು. ಪ್ರತಿಯೊಂದು ಸಂಗ್ರಹದ ಪಟ್ಟಿಯನ್ನೂ ಹಾಳಾಗುತ್ತಿರುವ ವಸ್ತುಗಳ ಫೋಟೋಗಳನ್ನೂ ಇದರೊಂದಿಗೆ ಲಗತ್ತಿಸಿದ್ದೇವೆ.



ತಮ್ಮ ವಿಶ್ವಾಸಿಗಳು,
ಮಲೆನಾಡಿನ ಸಣ್ಣ ಗ್ರಂಥಾಲಯ, ವಸ್ತುಸಂಗ್ರಹಾಲಯಗಳ ಪಾಲಕರು