ಕಾನೂನು ಪುಸ್ತಕಗಳ ಬೆಲೆ

ಅಣ್ಣನೋದಿದ ಪುಸ್ತಕವನ್ನು ತಮ್ಮನೋದುವುದು ಗೃಹಸ್ಥರ ಹಳೆಯ ಮಿತವ್ಯಯಪದ್ಧತಿ. ಕಾನೂನು ವಿದ್ಯಾರ್ಥಿಗಳ ಪಾಲಿಗೆ ಅದು 2024ನೆಯ ಇಸವಿ ಜುಲೈ 1ರಂದು ಮುರಿದುಬಿದ್ದಿತು. 1860ರ ದಂಡಸಂಹಿತೆ, 1872ರ ಸಾಕ್ಷ್ಯದ ಕಾಯಿದೆ, 1973ರ ದಂಡಪ್ರಕ್ರಿಯಾ ಸಂಹಿತೆಗಳ ಸ್ಥಾನದಲ್ಲಿ ಮೂರು ನೂತನ ಶಾಸನಗಳು ಜಾರಿಗೆ ಬಂದುವು. ಕೊಲೆಯ 302ನೆಯ ಕಲಮು 103 ಆಯಿತು. ವಂಚನೆಯ 420 ಎಂಬುದು 318 ಆಯಿತು. ದುಬಾರಿ ಗ್ರಂಥಗಳನ್ನು ಪುನಃ ಕೊಳ್ಳಬೇಕಾದ ಬಡ ತಂದೆಯು ಏನು ಮಾಡಬೇಕು?

ಮೂಲವು ಬೇರೆ, ವ್ಯಾಖ್ಯಾನವು ಬೇರೆ. ಶಾಸನಗಳ ಮೂಲಪಾಠವನ್ನೂ ಸರ್ವೋಚ್ಚ ನ್ಯಾಯಾಲಯದ ತೀರ್ಪುಗಳನ್ನೂ ಅಂತರ್ಜಾಲದಲ್ಲಿ ಉಚಿತವಾಗಿ ಓದಬಹುದು. ಬೆಲೆಯಿರುವುದು ವ್ಯಾಖ್ಯಾನಕ್ಕೆ, ಅದನ್ನು ನಾಲ್ವರು ಸಹಪಾಠಿಗಳು ಕೂಡಿ ಕೊಳ್ಳಲಿ, ಕಾಲೇಜಿನ ಪುಸ್ತಕಭಂಡಾರವೂ ಹೆಚ್ಚು ಪ್ರತಿಗಳನ್ನಿರಿಸಲಿ. ಹಳೆಯ ಪುಸ್ತಕವನ್ನು ರದ್ದಿಗೆ ಹಾಕಬೇಡಿರೆಂದೂ ನಾವು ಹೇಳುವೆವು: ಆ ದಿನಕ್ಕೆ ಹಿಂದಿನ ಅಪರಾಧಗಳಿಗೆ ಹಳೆಯ ದಂಡಸಂಹಿತೆಯೇ ಪ್ರಮಾಣ.

ಹಣವಿಲ್ಲದವನಿಗೆ ಈ ವಿದ್ಯೆಯು ದೂರವಾದರೆ, ನಾಳೆ ಹಣವಿಲ್ಲದವನ ಪರವಾಗಿ ವಾದಿಸುವವರಾರು?