ಮನೆಯ ಮಾಡಿಗೊಂದು ಹೊದಿಕೆ

ಕಳೆದ ತಿಂಗಳು ಈ ಅಂಕಣದಲ್ಲಿ ಅಡಿಗೆಯ ಮನೆಯ ಹೊಗೆಯ ವಿಚಾರವಾಗಿ ನಾಲ್ಕು ಮಾತುಗಳನ್ನು ಬರೆದಿದ್ದೆವು. ಬೇಸಗೆಯು ಸಮೀಪಿಸುತ್ತಿರುವುದರಿಂದ ಈ ಸಲ ಮನೆಯ ಮಾಡಿನ ವಿಚಾರವನ್ನು ಎತ್ತಿಕೊಳ್ಳುವುದು ಉಚಿತವೆಂದು ತೋರಿತು. ಮನೆ ಕಟ್ಟಿಸುವವರು ನೆಲಕ್ಕೆ ಯಾವ ಕಲ್ಲು, ಬಾಗಿಲಿಗೆ ಯಾವ ಮರ, ಗೋಡೆಗೆ ಯಾವ ಬಣ್ಣ ಎಂದು ತಿಂಗಳುಗಟ್ಟಲೆ ಆಲೋಚಿಸುವರು. ತಲೆಯ ಮೇಲಣ ಮಾಡು ಮಾತ್ರ ಸೋರದಿದ್ದರೆ ಸಾಕೆಂದು ಸುಮ್ಮನಾಗುವರು. ಮಳೆಯನ್ನು ತಡೆಯುವುದು ಮಾಡಿನ ಕರ್ತವ್ಯದಲ್ಲಿ ಅರ್ಧ ಮಾತ್ರ; ಬಿಸಿಲನ್ನು ತಡೆಯುವುದು ಉಳಿದರ್ಧ. ಸಂಸ್ಕೃತದಲ್ಲಿ ಮಾಡಿಗೆ ‘ಛದಿ’ ಎಂದೂ ಕೊಡೆಗೆ ‘ಛತ್ರ’ವೆಂದೂ ಹೆಸರು. ಎರಡೂ ‘ಮುಚ್ಚು’ ಎಂಬರ್ಥವುಳ್ಳ ‘ಛದ್’ ಎಂಬ ಒಂದೇ ಧಾತುವಿನಿಂದ ಹುಟ್ಟಿದ ಶಬ್ದಗಳು. ಕೊಡೆಯನ್ನು ನಾವು ಮಳೆಗೂ ಹಿಡಿಯುತ್ತೇವೆ, ಬಿಸಿಲಿಗೂ ಹಿಡಿಯುತ್ತೇವೆ. ಮಾಡಿನಿಂದಲೂ ಎರಡು ಕೆಲಸಗಳನ್ನು ಪಡೆಯಬೇಡವೆ?

ನಮ್ಮ ನಾಡು ಕರ್ಕಾಟಕ ಸಂಕ್ರಾಂತಿ ವೃತ್ತಕ್ಕೆ ದಕ್ಷಿಣದಲ್ಲಿರುವುದರಿಂದ ವರ್ಷಕ್ಕೆ ಎರಡು ಸಲ ಸೂರ್ಯನು ನಮ್ಮ ನೆತ್ತಿಯ ಮೇಲೆಯೇ ಬರುವನು. ಬೆಂಗಳೂರಿನಲ್ಲಿ ಇದು ಏಪ್ರಿಲ್ ೨೪ ಮತ್ತು ಆಗಸ್ಟ್ ೧೮ನೆಯ ತಾರೀಖುಗಳ ಸುಮಾರಿಗೆ ನಡೆಯುತ್ತದೆ. ಉತ್ತರಕ್ಕಿರುವ ಕಲಬುರಗಿಯಲ್ಲಿ ಮೊದಲನೆಯದು ಮೇ ತಿಂಗಳಿಗೆ ಬೀಳುತ್ತದೆ. ಆ ದಿನದ ನಡುಹಗಲಿನಲ್ಲಿ ಕಂಬದ ನೆರಳು ಕಂಬದ ಬುಡದಲ್ಲಿಯೇ ಅಡಗಿಬಿಡುತ್ತದೆ. ಆಗ ಗೋಡೆಗಳಿಗೆ ತಾಗುವ ಬಿಸಿಲು ಅಲ್ಪ. ಮಾಡು ಹೊರುವುದೇ ಬಹಳ. ಆಕಾಶವು ನಿರ್ಮಲವಾಗಿರುವ ಮಧ್ಯಾಹ್ನದಲ್ಲಿ ಒಂದು ಚದರ ಮೀಟರ್ ಜಾಗದ ಮೇಲೆ ಬೀಳುವ ಬಿಸಿಲಿನ ಶಕ್ತಿ ಸುಮಾರು ೧೦೦೦ ವಾಟ್, ಅಂದರೆ ವಿದ್ಯುತ್ತಿನ ಒಂದು ಇಸ್ತ್ರಿಪೆಟ್ಟಿಗೆಯಷ್ಟು. ಮೂವತ್ತಡಿ ಅಗಲ ನಲವತ್ತಡಿ ಉದ್ದದ ತಾರಸಿಯು ಸುಮಾರು ೧೧೦ ಚದರ ಮೀಟರ್ ಆಗುತ್ತದೆ. ನೂರಕ್ಕೂ ಹೆಚ್ಚಿನ ಇಸ್ತ್ರಿಪೆಟ್ಟಿಗೆಗಳನ್ನು ಕಾಯಿಸಿ ಸಾಲಾಗಿ ತಾರಸಿಯ ಮೇಲಿಟ್ಟರೆ ಹೇಗೋ ಹಾಗೆ. ಅದರಲ್ಲಿ ಒಂದು ಪಾಲು ಹಿಂದಕ್ಕೆ ಚಿಮ್ಮಿಹೋಗುತ್ತದೆ, ಒಂದು ಪಾಲನ್ನು ಗಾಳಿ ಒಯ್ಯುತ್ತದೆ. ಉಳಿದುದು ಕಾಂಕ್ರೀಟಿನೊಳಕ್ಕೆ ಇಳಿಯುತ್ತದೆ.

ಹಾಗೆ ಇಳಿದ ಶಾಖವು ಕೋಣೆಯನ್ನು ಕೂಡಲೆ ಮುಟ್ಟುವುದಿಲ್ಲ. ಐದಾರು ಅಂಗುಲ ದಪ್ಪದ ಕಾಂಕ್ರೀಟನ್ನು ದಾಟಲು ಅದಕ್ಕೆ ಮೂರು ನಾಲ್ಕು ಗಂಟೆಗಳು ಬೇಕು. ಆದುದರಿಂದಲೇ ಸಂಜೆಗೆ ಹೊರಗೆ ತಂಗಾಳಿ ಬೀಸತೊಡಗಿದರೂ ಒಳಗೆ ಧಗೆ ಏರುತ್ತಲೇ ಇರುತ್ತದೆ. ಬೀಸಣಿಗೆಯ ಗುಂಡಿಯನ್ನೊತ್ತಿದರೆ ಅದು ಮೇಲಿನ ಬಿಸಿಗಾಳಿಯನ್ನೇ ಕೆಳಕ್ಕೆ ದೂಡುತ್ತದೆ.

ಇದು ಕೇವಲ ಸುಖದ ಪ್ರಶ್ನೆಯಾಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ಮಾಡಿನ ನೇರ ಕೆಳಗೆ ಮಲಗುವವರು ಯಾರು ಎಂಬುದನ್ನು ವಾಚಕರು ಆಲೋಚಿಸಬೇಕು. ಮೇಲಿನ ಒಂಟಿ ಕೋಣೆಯನ್ನು ‘ಗದ್ದಲವಿಲ್ಲ, ಓದಿಕೊಳ್ಳಲಿ’ ಎಂದು ಪರೀಕ್ಷೆಗೆ ಕುಳಿತ ಮಗನಿಗೋ ಮಗಳಿಗೋ ಬಿಟ್ಟುಕೊಡುತ್ತೇವೆ. ಪರೀಕ್ಷೆಗಳು ಬರುವುದೂ ಮಾರ್ಚಿ ಏಪ್ರಿಲ್ ತಿಂಗಳುಗಳಲ್ಲಿಯೇ. ತಗಡಿನ ಮಾಡಿನ ಶಾಲೆಗಳಲ್ಲಿ ಪಾಠ ಹೇಳಿದವರಿಗೆಲ್ಲ ಗೊತ್ತಿರುವ ಸಂಗತಿಯೊಂದುಂಟು: ಬೆಳಗ್ಗೆ ಚುರುಕಾಗಿದ್ದ ಹುಡುಗನೇ ಮಧ್ಯಾಹ್ನ ಎರಡು ಗಂಟೆಗೆ ಮಂದಮತಿಯಂತೆ ಕುಳಿತಿರುತ್ತಾನೆ. ದೋಷವು ಬುದ್ಧಿಯದಲ್ಲ, ಮಾಡಿನದು. ಇನ್ನು ಬಾಣಂತಿ, ಎಳೆಯ ಕೂಸು, ವೃದ್ಧರು, ಹಾಸಿಗೆ ಹಿಡಿದವರು, ಇವರ ದೇಹಗಳಿಗೆ ಶಾಖವನ್ನು ಹೊರದೂಡುವ ಶಕ್ತಿಯೇ ಕಡಿಮೆ. ಹಗಲಿನ ಬಿಸಿಲಿನಿಂದ ಬಳಲಿದ ಶರೀರಕ್ಕೆ ರಾತ್ರಿಯಲ್ಲಿ ತಂಪು ದೊರೆಯದಿದ್ದರೆ ಅಪಾಯವು ಇಮ್ಮಡಿಯಾಗುತ್ತದೆ. ೨೦೧೦ನೆಯ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ಬೀಸಿದ ಉರಿಗಾಳಿಯಿಂದ ಸಾಮಾನ್ಯ ಲೆಕ್ಕಕ್ಕಿಂತ ಸಾವಿರದ ಮುನ್ನೂರಕ್ಕೂ ಹೆಚ್ಚು ಮಂದಿ ಮರಣ ಹೊಂದಿದರು. ಆ ನಗರದವರು ೨೦೧೩ರಲ್ಲಿ ಉಷ್ಣರಕ್ಷಣೆಯ ಯೋಜನೆಯೊಂದನ್ನು ರಚಿಸಿದರು. ಮುಂದೆ ಬಡವರ ಮನೆಗಳ ಮಾಡುಗಳಿಗೆ ಬಿಳಿಯ ಬಣ್ಣ ಬಳಿಯುವ ಕಾರ್ಯವನ್ನೂ ಕೈಗೊಂಡರು. ನೆರೆಯ ತೆಲಂಗಾಣ ಸರ್ಕಾರವು ೨೦೨೩ರಲ್ಲಿ ತಂಪು ಮಾಡುಗಳಿಗಾಗಿಯೇ ಒಂದು ನೀತಿಯನ್ನು ಪ್ರಕಟಿಸಿತು.

ನಮ್ಮ ಹಿರಿಯರು ಈ ವಿಷಯದಲ್ಲಿ ಕೈಕಟ್ಟಿ ಕುಳಿತವರಲ್ಲ. ಬಯಲುಸೀಮೆಯ ಮಾಳಿಗೆಯ ಮನೆಗಳಲ್ಲಿ ತೊಲೆ ಜಂತೆಗಳ ಮೇಲೆ ಕಡ್ಡಿಗಳನ್ನು ಹರಡಿ, ಅದರ ಮೇಲೆ ದಪ್ಪನಾಗಿ ಮಣ್ಣನ್ನು ಹೊದಿಸಿ, ಮಳೆಗಾಲಕ್ಕೆ ಮುಂಚೆ ಚೌಳುಮಣ್ಣು ಹಾಕಿ ಬಲಪಡಿಸುತ್ತಿದ್ದರು. ಮಲೆನಾಡಿನವರು ಹುಲ್ಲಿನ ಇಲ್ಲವೆ ಅಡಕೆಯ ಸೋಗೆಯ ಮಾಡನ್ನು ಹೊದಿಸುತ್ತಿದ್ದರು. ಬಾಸೆಲ್ ಮಿಶನ್ನಿನವರು ೧೮೬೫ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಬಳಿಕ ಮಂಗಳೂರು ಹೆಂಚು ಎಲ್ಲೆಲ್ಲಿಯೂ ಹಬ್ಬಿತು. ಆ ಹೆಂಚಿನ ಮಾಡಿನ ಕೆಳಗೆ ಹಲಗೆಯ ಅಟ್ಟವಿದ್ದಿತು. ಅಟ್ಟವನ್ನು ನಾವು ಹಳೆಯ ಪಾತ್ರೆ ಪಡಗಗಳ ಉಗ್ರಾಣವೆಂದು ಮಾತ್ರ ತಿಳಿದಿದ್ದೇವೆ. ನಿಜದಲ್ಲಿ ಅದು ಕಾದ ಹೆಂಚಿಗೂ ನಮ್ಮ ತಲೆಗೂ ನಡುವೆ ನಿಂತ ಗಾಳಿಯ ಪದರ. ಹೀಗೆಂದ ಮಾತ್ರಕ್ಕೆ ಹಿಂದಿನದೆಲ್ಲವೂ ಚಿನ್ನವೆಂದು ನಾವು ಹೇಳುತ್ತಿಲ್ಲ. ಮಣ್ಣಿನ ಮಾಳಿಗೆಯು ಸೋರುತ್ತಿತ್ತು, ಹುಲ್ಲಿಗೆ ಬೆಂಕಿಯ ಭಯವಿತ್ತು, ಅಟ್ಟದಲ್ಲಿ ಇಲಿಗಳ ಸಂಸಾರವಿತ್ತು. ಕಾಂಕ್ರೀಟು ಬಂದುದರಿಂದ ಈ ಕಷ್ಟಗಳು ನೀಗಿದುವು. ಅದರೊಡನೆ ಹೊದಿಕೆಯೂ ನೀಗಿಹೋಯಿತು.

ಶಾಖವನ್ನು ತಡೆಯುವ ಪದಾರ್ಥಗಳ ರಹಸ್ಯವು ಬಹು ಸುಲಭವಾದುದು. ಅಲುಗಾಡದೆ ನಿಂತ ಗಾಳಿಯು ಶಾಖವನ್ನು ಬಹು ಸಾವಕಾಶವಾಗಿ ಸಾಗಿಸುತ್ತದೆ. ಕಾಂಕ್ರೀಟು ಅದಕ್ಕಿಂತ ಸುಮಾರು ಅರುವತ್ತು ಪಾಲು ಬೇಗನೆ ಸಾಗಿಸುತ್ತದೆ. ಹತ್ತಿ, ಉಣ್ಣೆ, ಹುಲ್ಲು, ಥರ್ಮೋಕೋಲು ಇವೆಲ್ಲವೂ ಗಾಳಿಯನ್ನು ಸಣ್ಣ ಸಣ್ಣ ಗೂಡುಗಳಲ್ಲಿ ಸೆರೆ ಹಿಡಿದಿರುವುದರಿಂದಲೇ ಉಷ್ಣನಿರೋಧಕಗಳಾಗಿವೆ. ಕಂಬಳಿಯು ಚಳಿಯಲ್ಲಿ ಮೈಯನ್ನು ಬೆಚ್ಚಗಿಡುತ್ತದೆ. ಅದೇ ಕಂಬಳಿಯನ್ನು ಮಂಜುಗಡ್ಡೆಗೆ ಸುತ್ತಿದರೆ ಗಡ್ಡೆಯು ಕರಗದಂತೆ ಕಾಯುತ್ತದೆ. ೧೮೩೩ರಲ್ಲಿ ಅಮೆರಿಕೆಯ ಬಾಸ್ಟನ್ ನಗರದಿಂದ ಹೊರಟ ಹಡಗೊಂದು ನಾಲ್ಕು ತಿಂಗಳು ಸಮುದ್ರದ ಮೇಲಿದ್ದು ಸುಮಾರು ೧೦೦ ಟನ್ ಮಂಜುಗಡ್ಡೆಯನ್ನು ಕಲ್ಕತ್ತೆಗೆ ಮುಟ್ಟಿಸಿತು. ಅದನ್ನು ಕಾಪಾಡಿದುದು ಹುಲ್ಲು ಮೊದಲಾದ ಹಗುರ ಪದಾರ್ಥಗಳ ಹೊದಿಕೆಯೇ ಹೊರತು ಬೇರೆ ಯಂತ್ರವಲ್ಲ. ಹಾಗೆ ಬಂದ ಮಂಜುಗಡ್ಡೆಯನ್ನು ಮದರಾಸಿನಲ್ಲಿ ಕೂಡಿಡುತ್ತಿದ್ದ ಕಟ್ಟಡದಲ್ಲಿಯೇ ೧೮೯೭ರಲ್ಲಿ ವಿವೇಕಾನಂದರು ತಂಗಿದ್ದರು. ಇಂದು ಅದಕ್ಕೆ ಅವರದೇ ಹೆಸರಿದೆ. ಶೀತದೇಶದವರು ಅಟ್ಟದ ನೆಲದ ಮೇಲೆ ಗಾಜಿನ ಎಳೆಯ ಉಣ್ಣೆಯನ್ನೋ ಕಲ್ಲಿನ ಉಣ್ಣೆಯನ್ನೋ ಒಂದಡಿಯವರೆಗೂ ಹರಡುವುದು ಒಲೆಯ ಶಾಖವು ಮೇಲೆ ಹೋಗದಿರಲೆಂದು. ನಮಗೆ ಬೇಕಾದುದು ಬಿಸಿಲಿನ ಶಾಖವು ಕೆಳಗೆ ಬಾರದಿರಲೆಂದು. ಉಪಾಯವು ಒಂದೇ.

ಇನ್ನು ಮಾಡತಕ್ಕ ಕೆಲಸಗಳನ್ನು ಖರ್ಚಿನ ಅನುಕ್ರಮದಲ್ಲಿ ಹೇಳುವೆವು.

ಮೊದಲನೆಯದು ಸುಣ್ಣ. ಶಾಖವು ಒಳಹೊಕ್ಕ ಮೇಲೆ ತಡೆಯುವುದಕ್ಕಿಂತ ಹೊರಗೇ ಹಿಂದಟ್ಟುವುದು ಲೇಸು. ಹಳೆಯ ಕಪ್ಪಿಟ್ಟ ತಾರಸಿಯು ಬಿಸಿಲಿನ ಹೆಚ್ಚು ಪಾಲನ್ನು ಕುಡಿಯುತ್ತದೆ. ಹೊಸತಾಗಿ ಬಿಳುಪು ಮಾಡಿದ ತಾರಸಿಯು ಹೆಚ್ಚು ಪಾಲನ್ನು ತಿರುಗಿಸಿ ಕಳುಹಿಸುತ್ತದೆ. ಶಿವರಾತ್ರಿ ಕಳೆದೊಡನೆ ತಾರಸಿಯನ್ನು ತಿಕ್ಕಿ ತೊಳೆದು, ಸುಣ್ಣಕ್ಕೆ ಅಂಟನ್ನು ಬೆರಸಿ ಎರಡು ಮೂರು ಸಲ ಬಳಿಯತಕ್ಕದ್ದು; ಕಣ್ಣಿಗೆ ಸುಣ್ಣ ಸಿಡಿಯದಂತೆ ಎಚ್ಚರಿಕೆಯಿರಬೇಕು. ಧೂಳು ಕುಳಿತರೆ ಗುಣ ಕಡಿಮೆಯಾಗುವುದರಿಂದ ನಡುವೆ ಒಂದೆರಡು ಸಲ ಗುಡಿಸಿ ತೊಳೆಯಬೇಕು. ಅನುಕೂಲವುಳ್ಳವರು ಬಿಳಿಯ ಪಿಂಗಾಣಿ ಚೂರುಗಳನ್ನು ಗಾರೆಯಲ್ಲಿ ಕೂಡಿಸಿದರೆ ವರ್ಷ ವರ್ಷದ ಶ್ರಮ ತಪ್ಪುತ್ತದೆ.

ಎರಡನೆಯದು, ಹೆಂಚಿನ ಅಥವಾ ತಗಡಿನ ಮಾಡುಳ್ಳವರಿಗೆ. ಮಾಡಿನ ಕೆಳಗೆ ಅರ್ಧ ಅಡಿಯಾದರೂ ತೆರಪು ಬಿಟ್ಟು ಬಿದಿರಿನ ತಟ್ಟಿ, ಹಲಗೆ, ಇಲ್ಲವೆ ಸೀಲಿಂಗ್ ಹೆಂಚನ್ನು ಹೊಂದಿಸುವುದು. ತೆರಪಿನ ಎರಡು ತುದಿಗಳಲ್ಲಿಯೂ ಜಾಲರಿಯಿಟ್ಟ ಕಿಂಡಿಗಳಿದ್ದರೆ ಬಿಸಿಗಾಳಿಯು ಹೊರಟುಹೋಗುತ್ತದೆ. ಕಾದ ತಗಡು ಶಾಖವನ್ನು ಕಿರಣಗಳಾಗಿಯೂ ಕೆಳಗೆ ಎರಚುವುದರಿಂದ, ಹೊಳೆಯುವ ಅಲ್ಯುಮಿನಿಯಂ ಹಾಳೆಯನ್ನು ಹೊಳಪಿನ ಮೈ ಕೆಳಗಾಗಿ ಆ ತೆರಪಿನ ಮೇಲ್ಭಾಗದಲ್ಲಿ ಕಟ್ಟುವುದುಂಟು. ಹೊಳಪು ಮೇಲಾಗಿದ್ದರೆ ಧೂಳು ಕುಳಿತು ಕೆಡುತ್ತದೆ. ಅಟ್ಟವಿದ್ದವರು ಅದರ ಹಲಗೆಯ ಮೇಲೆ ಉಷ್ಣನಿರೋಧಕ ಪದಾರ್ಥವನ್ನು ಹರಡಬಹುದು. ಆದರೆ ಒಣಹುಲ್ಲು ಹೊಟ್ಟುಗಳನ್ನು ತುಂಬಿ ಅದರೊಳಗೆ ವಿದ್ಯುತ್ತಿನ ತಂತಿಗಳು ಹೂತುಹೋಗುವಂತೆ ಮಾಡುವುದು ಬೆಂಕಿಯನ್ನು ಕರೆದಂತೆ. ಇಷ್ಟಕ್ಕೂ ಅನುಕೂಲವಿಲ್ಲದವರು ತಗಡಿನ ಮೇಲೆ ಚಪ್ಪರದಂತೆ ಕಡ್ಡಿ ಕಟ್ಟಿ ಸೋರೆಯ ಬಳ್ಳಿಯನ್ನೋ ಅವರೆಯ ಬಳ್ಳಿಯನ್ನೋ ಹಬ್ಬಿಸಲಿ. ನೆರಳೂ ಆಯಿತು, ಪಲ್ಯಕ್ಕೂ ಆಯಿತು. ಆಸ್ಬೆಸ್ಟಾಸ್ ತಗಡುಗಳನ್ನು ಮಾತ್ರ ಕೊರೆಯುವುದು, ಕತ್ತರಿಸುವುದು, ಒಣಗಿದ್ದಾಗ ಉಜ್ಜುವುದು ಕೂಡದು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ.

ಮೂರನೆಯದು, ತಾರಸಿಯ ಮೇಲೆ ಶಾಶ್ವತವಾದ ಹೊದಿಕೆ. ಹೊದಿಕೆಯು ಕಾಂಕ್ರೀಟಿನ ಕೆಳಗಿರುವುದಕ್ಕಿಂತ ಮೇಲಿರುವುದು ಉತ್ತಮ. ಏಕೆಂದರೆ ಆಗ ಕಾಂಕ್ರೀಟೇ ಕಾಯುವುದಿಲ್ಲ. ಹಿಂದೆ ಮಡಕೆಗಳನ್ನು ಸಾಲಾಗಿ ಕವುಚಿಟ್ಟು ಸಂದುಗಳಿಗೆ ಗಾರೆ ತುಂಬುವ ಕ್ರಮವಿತ್ತು. ಇಂದು ಅದರ ಬದಲಾಗಿ ಥರ್ಮೋಕೋಲಿನ ಜಾತಿಯ, ಅದಕ್ಕಿಂತ ಗಟ್ಟಿಯಾದ ಫಲಕಗಳು ದೊರೆಯುತ್ತವೆ. ಮೊದಲು ಸೋರಿಕೆಯನ್ನು ಸಂಪೂರ್ಣವಾಗಿ ನಿಲ್ಲಿಸಿ, ಬಳಿಕ ಫಲಕವನ್ನು ಹಾಸಿ, ಅದರ ಮೇಲೆ ಗಾರೆ ಹೆಂಚುಗಳನ್ನು ಮುಚ್ಚಬೇಕು. ನೀರು ಕುಡಿದ ಹೊದಿಕೆಯು ನಿಷ್ಪ್ರಯೋಜಕ. ಗಾರೆಯಿಂದ ಮುಚ್ಚದ ಫಲಕವು ಬೆಂಕಿಗೆ ಆಹಾರ.

ಎಷ್ಟು ದಪ್ಪ ಹಾಕಬೇಕೆಂಬುದು ಸಹಜವಾದ ಪ್ರಶ್ನೆ. ಬರಿಯ ತಾರಸಿಯಿಂದ ಒಳಗಿಳಿಯುವ ಶಾಖವನ್ನು ೧೦೦ ಎಂದು ಎಣಿಸಿಕೊಳ್ಳೋಣ. ಒಂದಂಗುಲದ ಒಳ್ಳೆಯ ಫಲಕವು ಅದನ್ನು ಸುಮಾರು ೩೦ಕ್ಕೆ ಇಳಿಸುತ್ತದೆ, ಎರಡನೆಯ ಅಂಗುಲವು ೧೭ಕ್ಕೆ, ಮೂರನೆಯದು ೧೨ಕ್ಕೆ. ಮೊದಲನೆಯ ಅಂಗುಲದಿಂದ ಎಪ್ಪತ್ತು ಲಾಭವಾದರೆ ಮೂರನೆಯದರಿಂದ ಬರಿಯ ಐದು. ಹಸಿದವನಿಗೆ ಮೊದಲನೆಯ ತುತ್ತಿನ ರುಚಿ ಹತ್ತನೆಯದರಲ್ಲಿರುವುದಿಲ್ಲ. ಹಿಮ ಬೀಳುವ ದೇಶಗಳಲ್ಲಿ ಒಳಹೊರಗಣ ಉಷ್ಣತೆಯ ಅಂತರವು ಬಹಳವಾದ್ದರಿಂದ ಅಡಿಗಟ್ಟಲೆ ಹಾಕುವುದು ಅಲ್ಲಿಗೆ ಸರಿ. ನಮ್ಮ ಸಾಮಾನ್ಯ ಮನೆಗಳಿಗೆ ಬಿಳಿಯ ಮೇಲ್ಮೈಯೂ ಒಂದೆರಡು ಅಂಗುಲವೂ ಸಾಕು. ಭಾರತ ಸರ್ಕಾರದವರು ವಾಸದ ಮನೆಗಳಿಗಾಗಿ ೨೦೧೮ರಲ್ಲಿ ಹೊರಡಿಸಿದ ‘ಇಕೋ ನಿವಾಸ ಸಂಹಿತೆ’ಯು ಮಾಡಿನ ಮೂಲಕ ಹರಿಯುವ ಶಾಖಕ್ಕೆ ಒಂದು ಮಿತಿಯನ್ನು ಗೊತ್ತುಮಾಡಿದೆ: ಒಂದು ಚದರ ಮೀಟರಿಗೆ, ಒಂದು ಡಿಗ್ರಿ ಅಂತರಕ್ಕೆ, ೧.೨ ವಾಟ್. ಬರಿಯ ಕಾಂಕ್ರೀಟಿನ ತಾರಸಿಯು ಇದರ ಮೂರು ಪಾಲಿಗೆ ಸಮೀಪವಾಗಿ ಬಿಡುತ್ತದೆ. ಒಂದಂಗುಲದ ಫಲಕವು ಈ ಮಿತಿಯೊಳಕ್ಕೆ ತರುತ್ತದೆ.

ತೋಟದ ಆಸೆಯಿಂದ ತಾರಸಿಯ ಮೇಲೆ ಮಣ್ಣು ತುಂಬುವವರಿಗೆ ಒಂದು ಎಚ್ಚರಿಕೆ. ಒಂದಡಿ ದಪ್ಪದ ಒದ್ದೆಮಣ್ಣು ಚದರ ಮೀಟರಿಗೆ ಸುಮಾರು ೫೦೦ ಕಿಲೋಗ್ರಾಂ ತೂಗುತ್ತದೆ. ಜನರೂ ಸಾಮಾನುಗಳೂ ಇರಲೆಂದು ಲೆಕ್ಕ ಹಾಕಿದ ಸಾಧಾರಣ ತಾರಸಿಯು ಇದನ್ನು ಹೊರಲಾರದು. ಇಂಜಿನಿಯರರನ್ನು ಕೇಳದೆ ಇದಕ್ಕೆ ಕೈಹಾಕಬಾರದು.

ಹೊದಿಕೆ ಹಾಕಿದ ಬಳಿಕವೂ ಗೃಹಿಣಿಯ ಜಾಣತನವು ಬೇಕು. ಹೊದಿಕೆಯು ಶಾಖವನ್ನು ತಡೆಯುವುದೇ ಹೊರತು ತಂಪನ್ನು ಹುಟ್ಟಿಸುವುದಿಲ್ಲ. ಅಡಿಗೆಯ ಬಿಸಿ, ದೀಪದ ಬಿಸಿ, ಮೈಯ ಬಿಸಿ ಇವೆಲ್ಲವೂ ಒಳಗೇ ಹುಟ್ಟುತ್ತವೆ. ಆದುದರಿಂದ ಹಗಲಿನ ಉರಿಯಲ್ಲಿ ಬಿಸಿಲಿನ ಕಡೆಯ ಕಿಟಕಿಗಳನ್ನು ಮುಚ್ಚಿ, ರಾತ್ರಿ ಎದುರುಬದುರಿನ ಕಿಟಕಿಗಳನ್ನು ತೆರೆದಿಡಬೇಕು. ಗುಣವಾಯಿತೋ ಇಲ್ಲವೋ ಎಂಬುದನ್ನು ಊಹೆಗೆ ಬಿಡದೆ, ಕೋಣೆಯಲ್ಲಿ ಒಂದು ಉಷ್ಣಮಾಪಕವನ್ನು ತೂಗಹಾಕಿ, ಕೆಲಸಕ್ಕೆ ಮುಂಚೆ ಒಂದು ವಾರ, ಆಮೇಲೆ ಒಂದು ವಾರ, ರಾತ್ರಿ ಎಂಟು ಗಂಟೆಯ ಅಂಕಿಯನ್ನು ಗುರುತು ಹಾಕಿಡಲಿ. ಈ ಕೆಲಸವನ್ನು ಮನೆಯ ಮಕ್ಕಳಿಗೆ ಒಪ್ಪಿಸಿದರೆ ಪುಸ್ತಕದಲ್ಲಿ ಓದಿದ ಪಾಠವು ಅವರ ಅನುಭವಕ್ಕೂ ಬರುತ್ತದೆ.

ಕೊನೆಯದಾಗಿ ಮನೆಗಳನ್ನು ಬಾಡಿಗೆಗೆ ಕೊಟ್ಟಿರುವ ಮಹನೀಯರಲ್ಲಿ ನಮ್ಮದೊಂದು ಬಿನ್ನಹ. ತಾರಸಿಯ ಮೇಲೆ ತಗಡು ಹೊದಿಸಿ ಕಟ್ಟಿದ ಕೋಣೆಯಿಂದ ತಿಂಗಳು ತಿಂಗಳಿಗೆ ಹಣ ಬರುತ್ತದೆ. ಅಲ್ಲಿರುವವರು ಬಾಯಿಬಿಟ್ಟು ಕೇಳಲಾರರು. ಕೇಳಿದರೆ ಬೇರೆ ಮನೆ ನೋಡಿಕೊಳ್ಳಬೇಕಾದೀತೆಂಬ ಭಯ. ಅವರ ಕೂಸು ಮಲಗುವುದೂ ಅದೇ ತಗಡಿನ ಕೆಳಗೆ. ಒಂದು ಡಬ್ಬಿ ಬಿಳಿಯ ಬಣ್ಣ, ನಾಲ್ಕು ಬಿದಿರಿನ ತಟ್ಟಿ, ಒಬ್ಬ ಆಳಿನ ಎರಡು ದಿನದ ಕೂಲಿ: ಇದು ದೊಡ್ಡ ವೆಚ್ಚವಲ್ಲ. ಯುಗಾದಿಗೆ ತಮ್ಮ ಮನೆಯ ಗೋಡೆಗೆ ಬಣ್ಣ ಹಚ್ಚಿಸುವಾಗ ಆ ತಗಡಿನ ಮಾಡನ್ನೂ ನೆನೆಯಬೇಕೆಂದು ಅವರನ್ನು ಕೇಳಿಕೊಳ್ಳುತ್ತೇವೆ.